ಮೊಣಕೈ ಹಿಡಿದು ಕಂಡ ಜರ್ಮನಿ

ಜರ್ಮನಿಯಿಂದ ಬಂದಾಗಿನಿಂದ ಧಾರವಾಡದಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಏನೇನ್ ನೋಡಿ ಬಂದ್ರಿ, ಮಾಸ್ತರ?" ಕೇಳಿದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಆ ಸದ್ದೂ ನನಗೆ ಕೇಳಿಸುತ್ತದೆ ಎಂದು ಅವರಿಗೆ ಗೊತ್ತಿಲ್ಲ. ನಾನು ಹುಟ್ಟುಗುರುಡ, ಹಿಂದುಸ್ತಾನಿ ಸಂಗೀತ ಕಲಿಸಿ ಹೊಟ್ಟೆ ಹೊರೆಯುವವನು. ನೋಡಿದ್ದು ಏನೂ ಇಲ್ಲ, ಹೇಳುವುದು ಮಾತ್ರ ಬಹಳ ಇದೆ.

ನಾನು ಹೇಳುತ್ತಿದ್ದೇನೆ, ನನ್ನ ಹೆಂಡತಿ ಗಂಗಾ ಬರೆಯುತ್ತಿದ್ದಾಳೆ. ಅವಳು ಪ್ರಾಥಮಿಕ ಶಾಲೆಯ ಬಾಯಾರು, ಅಕ್ಷರ ದುಂಡಗೆ ಬರುತ್ತವೆ ಎಂದು ಎಲ್ಲರೂ ಹೊಗಳುತ್ತಾರೆ. ಮದುವೆಯಾದಂದಿನಿಂದ ನಾನು ಹೊಸ್ತಿಲು ದಾಟಿದ್ದೆಲ್ಲ ಅವಳ ಬಲಗೈಯಲ್ಲಿ ನನ್ನ ಎಡಗೈ ಇಟ್ಟೇ. ಅದಕ್ಕೂ ಮೊದಲು ಅವ್ವನ ಕೈ ಇತ್ತು. ಜರ್ಮನಿಯಲ್ಲಿರುವ ನನ್ನ ತಮ್ಮ ಕರೆಸಿಕೊಂಡಾಗ ಶಾಲೆಯಲ್ಲಿ ರಜೆ ಸಿಗದೆ ಗಂಗಾಳಿಗೆ ಬರಲಾಗಲಿಲ್ಲ. ಅಲ್ಲಿ ನಡೆದ ಒಂದು ಸಂಗತಿಯನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ. ಎದುರು ಕೂತು ಹೇಳುವ ಧೈರ್ಯ ಸಾಲದೆ ಹೀಗೆ ಬರೆಸುತ್ತಿದ್ದೇನೆ.

"ಏನದು?" ಎಂದು ಈಗ ಪೆನ್ನು ನಿಲ್ಲಿಸಿ ಕೇಳುತ್ತಿದ್ದಾಳೆ.

"ಬರಿ ನೀನು, ಬರ್ತೈತಿ," ಎಂದಿದ್ದೇನೆ.

ಫ್ರಾಂಕ್‌ಫರ್ಟ್

ಕಣ್ಣಿಲ್ಲದವನಿಗೆ ಕಾಲೂ ಇರುವುದಿಲ್ಲ ಎಂದು ವಿಮಾನದವರು ನಂಬಿದ ಹಾಗಿದೆ. ಹೊರಡುವ ಕಡೆ ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿದರು. ನಡೆಯಬಲ್ಲೆ ಎಂದರೆ ನನ್ನ ಚೀಲವನ್ನೂ ನನ್ನದೇ ತೊಡೆಯ ಮೇಲಿಟ್ಟು ತಳ್ಳಿಕೊಂಡು ಹೋದರು. ನಾನು ಹೂಂ ಅಂದೆ. ಜೀವಮಾನವಿಡೀ ಇನ್ನೊಬ್ಬರ ಅನುಕೂಲಕ್ಕೆ ಹೂಂ ಅಂದವನಿಗೆ ಅದೇನು ಹೊಸದಲ್ಲ.

ಫ್ರಾಂಕ್‌ಫರ್ಟಿನಲ್ಲಿ ಇಳಿದಾಗ ಖರ್ಜದ ತಗ್ಗು ದನಿಯವನೊಬ್ಬ ಬಂದು "ಬಿಟ್ಟೆ" ಎಂದ. ದಯವಿಟ್ಟು ಎಂದರ್ಥ ಎಂದು ತಮ್ಮ ಮೊದಲೇ ಹೇಳಿಕೊಟ್ಟಿದ್ದ. ಆತನ ಮೊಣಕೈ ನನ್ನ ಮುಂಗೈಗೆ ತಾಗಿತು. ಪಾಪ, ಗೊತ್ತಿಲ್ಲದೆ ತಾಗಿತೆಂದು ನಾನು "ಸಾರಿ" ಎಂದು ಪಕ್ಕಕ್ಕೆ ಸರಿದೆ. ಮತ್ತೆ ತಾಗಿತು. ಮತ್ತೆ ಸರಿದೆ. ಹೀಗೆ ಸರಿಯುತ್ತ ಸರಿಯುತ್ತ ಇಬ್ಬರೂ ಗೋಡೆಯ ತನಕ ಹೋದೆವು. ಇನ್ನು ಸರಿಯಲು ಜಾಗವಿರಲಿಲ್ಲ. ಆತ ಜೋರಾಗಿ ನಕ್ಕು, ನನ್ನ ಕೈಯನ್ನು ತಾನೇ ಎತ್ತಿ ತನ್ನ ಮೊಣಕೈಯ ಮೇಲ್ಗಡೆ ಇಟ್ಟುಕೊಂಡು, ಅರ್ಧ ಹೆಜ್ಜೆ ಮುಂದಾಗಿ ನಡೆಯತೊಡಗಿದ. ಇದೆಂಥ ಪದ್ಧತಿಯಪ್ಪಾ, ಕೈ ಹಿಡಿಯಲು ಇವರಿಗೆ ಮಡಿಯೋ ಮೈಲಿಗೆಯೋ ಎಂದುಕೊಂಡೆ. ಹೊರಗೆ ನನ್ನ ತಮ್ಮ ವಿರೂಪಾಕ್ಷ ಕಾಯುತ್ತಿದ್ದ. "ಅಣ್ಣಾ!" ಎಂದವನೇ ಎರಡೂ ಕೈ ಹಿಡಿದು ಎಳೆದುಕೊಂಡ. ಜೀವಕ್ಕೆ ಹಾಯೆನಿಸಿತು.

ಅಬ್‌ಸ್ಟಾಟ್

ಗ್ರೀನ್ ಕಾರ್ಡ್ ಅಮೆರಿಕದವರದ್ದು ಮಾತ್ರ ಎಂದುಕೊಂಡಿದ್ದೆ. ಜರ್ಮನಿಯವರೂ ಆಗಷ್ಟೇ ಕಂಪ್ಯೂಟರ್ ಬಲ್ಲವರಿಗೆ ಐದು ವರ್ಷದ ಮಟ್ಟಿಗೆ ಕೊಡಲು ಶುರುಮಾಡಿದ್ದರು. ನಮ್ಮ ವಿರೂಗೆ ಸಿಕ್ಕಿತ್ತು. ಕಾರಿನ ಬ್ರೇಕು ಯಾವಾಗ ಹಿಡಿಯಬೇಕು ಎಂದು ಕಾರಿಗೇ ಕಲಿಸುವ ಕೆಲಸ ಅವನದು. ಅವನೂ ಅವನ ಹೆಂಡತಿ ಸುಜಾತಾಳೂ ಇದ್ದದ್ದು ದ್ರಾಕ್ಷಿ ತೋಟಗಳ ನಡುವಿನ ಈ ಸಣ್ಣ ಊರಲ್ಲಿ.

ಊರಿಗೆ ಸದ್ದೇ ಇಲ್ಲ! ಧಾರವಾಡದಲ್ಲಿ ನನಗೆ ದಾರಿ ಹೇಳುವುದೇ ಸದ್ದು ಮತ್ತು ವಾಸನೆ. ಗಿರಣಿಯ ಗರಗರ ಕೇಳಿದರೆ ಎಡಕ್ಕೆ ಓಣಿ, ಪೇಡೆಯ ಖೋವಾ ಹುರಿದ ವಾಸನೆ ಬಂದರೆ ಬಜಾರ. ಟೆಂಪೋದವನು ಹಾರ್ನ್ ಹೊಡೆದರೆ ರಸ್ತೆ ಎಲ್ಲಿದೆ ಎಂದು ಗೊತ್ತಾಗುತ್ತದೆ. ಇಲ್ಲಿ ಕಾರುಗಳು ಬೆಕ್ಕಿನ ಹಾಗೆ ಬಂದು ಹೋಗುತ್ತವೆ. ಎರಡು ದಿನದಲ್ಲೇ ನಾನು ಒಂದು ಹಾರ್ನಿಗಾಗಿ ಹಂಬಲಿಸಿದೆ. ಬೆಳಿಗ್ಗೆ ಎದ್ದರೆ ಗಂಗಾ ಪಾತ್ರೆ ತೊಳೆಯುವ ಸದ್ದಿಗೆ ಕಿವಿ ತಾನೇ ತಾನಾಗಿ ತೆರೆದುಕೊಳ್ಳುತ್ತಿತ್ತು. ಕೇಳಿಸುತ್ತಿದ್ದದ್ದು ಫ್ರಿಜ್ಜಿನ ಗುಂಯ್ ಮಾತ್ರ.

"ಭಾವಾರ, ರವಿವಾರ ಒಂದು ಜೋರ ಹಾಡಬ್ಯಾಡ್ರಿ," ಎಂದಿದ್ದಳು ಸುಜಾತಾ. "ಇಲ್ಲಿ ರವಿವಾರ ವಾಷಿಂಗ್ ಮಷೀನ್ ಸೈತ ಹಚ್ಚಂಗಿಲ್ಲ. ಕೆಳಗಿನ ಮನಿ ಅಜ್ಜಿ ಭಾಳ ಸ್ಟ್ರಿಕ್ಟ್."

ಮೆಲ್ಲಗೆ ತೋಡಿಯ ಆಲಾಪ ತೆಗೆದೆ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದು. ಅಜ್ಜಿಯೇ. ಬೈಯಲು ಬಂದದ್ದಲ್ಲ, ಮೇಲಿನ ಮನೆಯಲ್ಲಿ ಯಾರಿಗಾದರೂ ಹೊಟ್ಟೆನೋವೇ, ಡಾಕ್ಟರಿಗೆ ಫೋನ್ ಮಾಡಲೇ ಎಂದು ವಿಚಾರಿಸಲು ಬಂದದ್ದು. ಮೂವತ್ತು ವರ್ಷದ ರಿಯಾಜಿಗೆ ಇಂಥ ಪ್ರಶಸ್ತಿ ಯಾರಿಗೂ ಸಿಕ್ಕಿರಲಿಕ್ಕಿಲ್ಲ.

ವಿರೂನ ಆಫೀಸಿನಲ್ಲಿ ಒಂದು ಶನಿವಾರ ನೌಕರರ ಮನೆಯವರನ್ನೆಲ್ಲ ಕರೆದಿದ್ದರು. ಅಲ್ಲಿ ನನಗೆ ಫ್ರೌ ಹೋಫ್‌ಮನ್ ಸಿಕ್ಕರು. ಆ ಆಫೀಸಿಗೆ ಬರುವ ಫೋನ್ ಎಲ್ಲ ಎತ್ತಿ, ಬೇಕಾದವರಿಗೆ ಕೊಡುವ ಆಪರೇಟರು. ಒಂದು ವರ್ಷ ದಿನಾ ಅವರ ದನಿ ಕೇಳಿದ ಮೇಲೆ ಅವರಿಗೆ ಕಣ್ಣಿಲ್ಲ ಎಂಬುದು ವಿರೂಗೆ ಗೊತ್ತಾಗಿತ್ತಂತೆ. ನಾನು ನಮ್ಮ ಕಡೆಯ ರೂಢಿಯಂತೆ ಮನಸ್ಸಿನಲ್ಲೇ ಅವರನ್ನು ಹೋಫ್‌ಮನ್ ಬಾಯಾರು ಎಂದು ಕರೆದುಕೊಂಡೆ. ಐವತ್ತು ದಾಟಿದ ದನಿ, ಒಣಗಿದ ಮಾತು. ನಾವು ಮಾತಾಡಿದ್ದು ಇಬ್ಬರದೂ ಹರಕು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

"ನಿಮ್ಮನ್ನು ಕರೆದುಕೊಂಡು ಬಂದವರು ಯಾರು?" ಎಂದು ಕೇಳಿದರು.

"ನನ್ನ ತಮ್ಮ."

"ಮುಂದೆ ಅವರ ಬೂಟು, ಹಿಂದೆ ನಿಮ್ಮ ಚಪ್ಪಲಿ ಎಳೆದುಕೊಂಡು ಬರುತ್ತಿತ್ತು. ಯಾರೋ ಸೂಟ್‌ಕೇಸ್ ತರುತ್ತಿದ್ದಾರೆ ಅಂದುಕೊಂಡೆ."

ಪಕ್ಕದಲ್ಲೇ ಇದ್ದ ವಿರೂ ಕೆಮ್ಮಿದ. ನನಗೆ ಸಿಟ್ಟು ಬಂತು, ಆದರೆ ಅದು ನಿಲ್ಲಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅವರು ತಮ್ಮ ಕೋಲು ತಟ್ಟುತ್ತ ಜನರ ನಡುವೆ ಹೋಗಿ, ಒಂದೇ ಕೈಯಲ್ಲಿ ಎರಡು ಲೋಟ ಸೇಬಿನ ರಸ ಹಿಡಿದು, ಯಾರಿಗೂ ತಾಗದೆ ವಾಪಸು ಬಂದಿದ್ದರು. ಒಂದು ಲೋಟ ನನಗೆ.

ನನ್ನ ಬಳಿಯೂ ಮಡಚುವ ಬಿಳಿ ಕೋಲಿತ್ತು. ಊರಲ್ಲಿ ಅದು ಚೀಲದಿಂದ ಹೊರಬರುವುದು ಬಸ್ಸಿನಲ್ಲಿ ಪಾಸು ತೋರಿಸುವಾಗ ಮಾತ್ರ. ಬಾಯಾರು ಅದನ್ನು ಮುಟ್ಟಿ ನೋಡಿ, ಇದರಿಂದ ಸೂಪು ತಿರುವಬಹುದು ಎಂದರು. ಮುಂದಿನ ವಾರ ನನ್ನ ಎದೆಯ ತನಕ ಬರುವ, ಮಡಚಬಹುದಾದ ಉದ್ದನೆಯ ಕೋಲೊಂದನ್ನು ಎಲ್ಲಿಂದಲೋ ತಂದುಕೊಟ್ಟರು. ಆಮೇಲೆ ರಜೆಯ ದಿನಗಳಲ್ಲಿ ಆಫೀಸಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ ನನ್ನ ಪಾಠ ನಡೆಯಿತು. ಕಣ್ಣಿಲ್ಲದವಳು ಕಣ್ಣಿಲ್ಲದವನಿಗೆ ನಡಿಗೆ ಕಲಿಸುವುದು, ದೂರದಲ್ಲಿ ಕಣ್ಣಿದ್ದ ವಿರೂ ಅಯ್ಯೋ ಅಯ್ಯೋ ಅನ್ನುತ್ತ ನಿಲ್ಲುವುದು. ಎಡಗಾಲು ಮುಂದಿಟ್ಟಾಗ ಕೋಲು ಬಲಕ್ಕೆ, ಬಲಗಾಲಿಗೆ ಎಡಕ್ಕೆ. ಲಯದ ಲೆಕ್ಕ ನನಗೆ ಹೊಸದಲ್ಲವಾದ್ದರಿಂದ ಬೇಗ ಕೂತಿತು.

ಮೊಣಕೈಯ ಗುಟ್ಟನ್ನೂ ಅವರೇ ಬಿಡಿಸಿ ಹೇಳಿದರು. "ಅವರು ನಿಮ್ಮ ಕೈ ಹಿಡಿದರೆ, ಬಿಡಬೇಕಾದವರು ಅವರು. ನೀವು ಅವರ ಮೊಣಕೈ ಹಿಡಿದರೆ, ಬೇಡವಾದಾಗ ನೀವು ಬಿಡಬಹುದು. ಅಷ್ಟೇ."

ಅಷ್ಟೇ ಎಂದುಬಿಟ್ಟರು. ಬೇಡವಾದಾಗ ಬಿಡಬಹುದು ಎಂಬ ಮಾತನ್ನು ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ನಾನೂ ಒಬ್ಬನೇ ನಡೆಯಬೇಕು ಎಂಬ ಆಸೆ ಅಂದು ಹೊಟ್ಟೆಯಲ್ಲಿ ಹುಟ್ಟಿದ್ದು ಹಸಿವಿನಂತೆ ಕಾಡತೊಡಗಿತು. ಹದಿನೆಂಟನೆಯ ವಯಸ್ಸಿಗೆ ಕಣ್ಣು ಕಳೆದುಕೊಂಡ ಈ ಬಾಯಾರು ಹೀಗೆ ನಡೆಯಬಹುದಾದರೆ ನನಗೇನು ಧಾಡಿ?

ರವಿವಾರದ ಫೋನಿನಲ್ಲಿ ಗಂಗಾ ಎಂದಿನಂತೆ, "ವಿರೂನ ಕೈ ಹಿಡಕೊಂಡ ಅಡ್ಡಾಡ್ರಿ. ಒಬ್ರ ಎಲ್ಲೂ ಹೋಗಬ್ಯಾಡ್ರಿ, ನನ್ನ ಜೀವಾ ಇಲ್ಲಿ ಹಾರಾಡತೈತಿ," ಎಂದಳು. ನಾನು ಅಲ್ಲಿ ಮಳೆ ಹೇಗಿದೆ ಎಂದು ಕೇಳಿದೆ.

ಹೈಲ್‌ಬ್ರಾನ್

ಬಾಯಾರು ಇದ್ದದ್ದು ಹೈಲ್‌ಬ್ರಾನ್‌ನಲ್ಲಿ, ಬಸ್ಸಿನಲ್ಲಿ ಹೋಗಬೇಕು. "ಕಾಫಿಗೆ ಬನ್ನಿ. ಒಬ್ಬರೇ ಬನ್ನಿ," ಎಂದರು.

"ಅಣ್ಣಾ, ಹುಚ್ಚ ಹಿಡದೈತೇನ್ ನಿನಗ?" ವಿರೂ ಕೂಗಾಡಿದ. "ಏನರೆ ಆದ್ರ ಗಂಗಾ ವೈನಿಗೆ ನಾ ಏನಂತ ಮಾರಿ ತೋರಿಸ್ಲಿ?"

"ಹೋಗ್ಲಿ ಬಿಡ್ರಿ," ಎಂದಳು ಸುಜಾತಾ. "ನಾ ಇಲ್ಲಿ ಬಂದಾಗ ಬಸ್ ಹತ್ತಾಕ ಅಂಜಿ ವಾರಗಟ್ಟಲೆ ಮನ್ಯಾಗ ಕುಂತಿದ್ದೆ. ಆವಾಗ ನೀವ ನನ್ನ ನೂಕಿ ಕಳಿಸಿದ್ರಿ."

ಹೋದೆ. ಡ್ರೈವರಿಗೆ ಇಳಿಯುವ ಸ್ಟಾಪು ಹೇಳಿ ಮುಂದಿನ ಸೀಟಿನಲ್ಲಿ ಕೂತೆ. ಅರ್ಧ ದಾರಿಗೆ ಮೂಗಿಗೆ ಪರಿಚಯದ ವಾಸನೆಯೊಂದು ಬಡಿಯಿತು. ಕೊಬ್ಬರಿ ಎಣ್ಣೆ. ಆ ಇಡೀ ಬಸ್ಸಿನಲ್ಲಿ, ನನಗೆ ಕೇಳಿದರೆ ಆ ಇಡೀ ಜಿಲ್ಲೆಯಲ್ಲಿ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ಗಂಡಸು ಒಬ್ಬನೇ. ಕಳ್ಳನ ಹಾಗೆ ಹಿಂದಿನ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಾನೆ! ನಗು ತಡೆದುಕೊಂಡೆ. ಇಳಿದೆ, ಎಣ್ಣೆಯೂ ಇಳಿಯಿತು. ಬಾಯಾರ ಬಾಗಿಲಿನ ತನಕ ನನ್ನ ಹಿಂದೆ ಬಂದು, ಬಾಗಿಲು ತೆರೆದ ಮೇಲೆ ತಿರುಗಿ ಹೋಯಿತು.

ಪ್ಲಮ್ ಹಣ್ಣಿನ ಕೇಕು ತಿನ್ನುತ್ತ ಬಾಯಾರಿಗೆ ಇದನ್ನು ನಗುನಗುತ್ತ ಹೇಳಿದೆ. ಅವರು ನಗಲಿಲ್ಲ.

"ನಾನು ಕೋಲು ಹಿಡಿದು ನಡೆಯಲು ಕಲಿತಾಗ, ಕೈ ಬಿಟ್ಟುಬಿಡಿ ಎಂದು ನನ್ನ ತಾಯಿಗೆ ಹೇಳಿದ್ದರು," ಎಂದರು. "ಅವಳು ಬಿಟ್ಟಳು. ಆದರೆ ನಾನು ಬಾನ್‌ಹೋಫಿಗೆ ರೈಲು ಹಿಡಿಯಲು ಹೋಗುವಾಗ ದಿನಾ ದೂರದಲ್ಲಿ ಹಿಂದೆ ಬರುತ್ತಿದ್ದಳು. ಅವಳ ಬೂಟಿನ ಒಂದು ಹಿಮ್ಮಡಿ ಸವೆದಿತ್ತು. ನನಗೆ ಗೊತ್ತಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ದಿನಾ ಸಿಟ್ಟು ಬರುತ್ತಿತ್ತು. ಒಂದು ಬೆಳಿಗ್ಗೆ ಆ ಸದ್ದು ಬರಲಿಲ್ಲ. ನಾನು ಗೆದ್ದೆ. ಬಾನ್‌ಹೋಫಿನಲ್ಲಿ ನಿಂತು ಅತ್ತೆ."

ನಾನು ಯಮನ್ ರಾಗದ ಒಂದು ಚೀಜು ಹಾಡಿದೆ. ಬಾಯಾರು ಚರ್ಚಿನಲ್ಲಿ ಹಾಡುವವರು. ಸುಮ್ಮನೆ ಕೇಳದೆ ಕೆಳಗಿನ ಇನ್ನೊಂದು ಸ್ವರವನ್ನು ನನ್ನ ಸ್ವರದ ಜೊತೆ ಗುನುಗಿದರು. ಬೇಸುರಾಯಿತೆಂದು ನಾನು ನಿಲ್ಲಿಸಿದೆ. ನಿಲ್ಲಿಸಬೇಡಿ, ನಾವು ಹೀಗೆಯೇ ಜೊತೆಗೆ ಹಾಡುವುದು ಎಂದರು. ಮತ್ತೆ ಹಾಡಿದೆ. ಎರಡು ಸ್ವರ ಬೇರೆ ಬೇರೆಯಾಗಿಯೇ ಪಕ್ಕಪಕ್ಕ ಹೋದವು. ಚೆನ್ನಾಗಿಯೇ ಇತ್ತು.

ಮನೆಗೆ ಬಂದು ವಿರೂಗೆ, "ಮುಂದಿನ ಸಲ ತಲಿಗೆ ಎಣ್ಣಿ ಹಚ್ಚದ ಬಾ," ಎಂದೆ. ಅವನು, "ಇನ್ನ ಬರಂಗಿಲ್ಲ ತಗೋ," ಎಂದ.

ಮುಂದಿನ ಸಲ ನಿಜಕ್ಕೂ ಎಣ್ಣೆಯ ವಾಸನೆ ಬರಲಿಲ್ಲ. ಅವತ್ತೇ ಬಸ್ಸು ಎಲ್ಲೋ ತಿರುಗಿತು. ಡ್ರೈವರು "ಉಮ್‌ಲೈಟುಂಗ್" ಎಂದು ಏನೋ ಘೋಷಿಸಿದ, ಎಲ್ಲರೂ ಇಳಿದರು, ನಾನೂ ಇಳಿದೆ. ದಾರಿ ಅಗೆದಿದ್ದರಿಂದ ಬಸ್ಸು ಬೇರೆ ಕಡೆ ಹೋಗುತ್ತದೆ ಎಂದು ಆಮೇಲೆ ತಿಳಿಯಿತು. ಹೆಜ್ಜೆಗಳೆಲ್ಲ ಚದುರಿ ಹೋದವು. ಬೇರೆ ನೆಲ, ಬೇರೆ ಗಾಳಿ. ಹತ್ತಿರ ಎಲ್ಲೋ ಹೊಳೆ ಹರಿಯುವ ಸದ್ದು. ನನ್ನ ಎಡಗೈ ನನ್ನನ್ನು ಕೇಳದೆಯೇ ಮೇಲೆದ್ದು ಗಾಳಿಯಲ್ಲಿ ಗಂಗಾಳ ಕೈಯನ್ನು ಹುಡುಕಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಯಾರೋ ಬಂದು ಆ ಅಂಗೈಯಲ್ಲಿ ಒಂದು ನಾಣ್ಯ ಇಟ್ಟರು.

ಅವಮಾನಕ್ಕೆ ಕಿವಿ ಬಿಸಿಯಾದವು. ಹೋಗುತ್ತಿದ್ದ ಹೆಜ್ಜೆಯನ್ನು ಕೂಗಿ ಕರೆದೆ. "ಬಿಟ್ಟೆ! ಇದು ಬೇಡ. ನಿಮ್ಮ ಮೊಣಕೈ ಕೊಡಿ."

ಎಳೆಯ ಹೆಣ್ಣು ದನಿ. ಆಕೆ ನಾಚಿ, ನಕ್ಕು, ನಾಣ್ಯ ವಾಪಸು ತೆಗೆದುಕೊಂಡು ಮೊಣಕೈ ಕೊಟ್ಟಳು. ಬಾಯಾರ ಬೀದಿಯ ಮೂಲೆಯಲ್ಲಿ, ಬ್ರೆಡ್ಡಿನಂಗಡಿಯ ವಾಸನೆ ಬಂದ ಕೂಡಲೇ, ನಾನೇ ಅದನ್ನು ಬಿಟ್ಟೆ. ಇನ್ನು ನನಗೆ ಗೊತ್ತು, ವಂದನೆ ಎಂದೆ. ಅಲ್ಲಿಂದ ಕೋಲು ತಟ್ಟುತ್ತ ಒಬ್ಬನೇ ನಡೆದೆ. ನಲವತ್ತಾರು ವರ್ಷದ ಗಂಡಸು, ಶಿಷ್ಯರಿರುವ ಮಾಸ್ತರು, ಬೀದಿಯ ನಡುವೆ ಶಾಲೆ ಬಿಟ್ಟ ಮಗುವಿನ ಹಾಗೆ ನಗುತ್ತಿದ್ದೆ. ಬಾಯಾರು ಹೊಸ್ತಿಲಲ್ಲೇ ನಿಂತಿದ್ದರು. "ಕಾಫಿ ಆರಿತು," ಎಂದರು.

ಈಗ ಹೇಳುತ್ತೇನೆ, ಗಂಗಾ, ಬರಿ. ಆ ಖುಷಿಯಲ್ಲಿ ನೀನು ಇರಲಿಲ್ಲ. ನೀನಿಲ್ಲದ ಖುಷಿಯೂ ಒಂದು ನನಗಿದೆ ಎಂದು ಅವತ್ತು ಗೊತ್ತಾಯಿತು. ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ನೀನು ಓಡಿ ಬಂದು ಕೈ ಹಿಡಿದಾಗ ಆ ಉದ್ದನೆಯ ಕೋಲನ್ನು ನಾನು ಬಿಚ್ಚಲೇ ಇಲ್ಲ. ನೆನಪಿಗಾಗಿ ತಂದದ್ದು ಎಂದು ಸುಳ್ಳು ಹೇಳಿ ಕಪಾಟಿನ ಹಿಂದಿಟ್ಟೆ. ನೀನು ಶಾಲೆಗೆ ಹೋದ ಮೇಲೆ ಅದನ್ನು ತೆಗೆದು ಪಡಸಾಲೆಯಲ್ಲಿ ನಡೆಯುತ್ತೇನೆ. ಆ ಬೀದಿ ಬೇಕೆನಿಸುತ್ತದೆ. ನಿನ್ನ ಕೈ ಬೇಡ ಎಂದಲ್ಲ.

ಅವತ್ತು ಪೆನ್ನು ಅಲ್ಲಿಗೆ ನಿಂತಿತು. ಕ್ಯಾಪು ಹಾಕಿದ ಸದ್ದು. "ಒಲಿ ಮ್ಯಾಲೆ ಹಾಲ ಇಟ್ಟೀನಿ," ಎಂದು ಗಂಗಾ ಎದ್ದು ಹೋದಳು. ಹಾಲಿನ ವಾಸನೆ ಎಲ್ಲೂ ಇರಲಿಲ್ಲ.

ಮ್ಯಾನ್‌ಹೈಮ್

ಕೆಲವು ದಿನ ಬರವಣಿಗೆ ನಿಂತಿತ್ತು. ಊಟ, ಚಹಾ, ಔಷಧ ಎಲ್ಲ ಹೊತ್ತಿಗೆ ಸರಿಯಾಗಿ ಬಂದವು, ಮಾತು ಮಾತ್ರ ಬರಲಿಲ್ಲ. ಇವತ್ತು ತಾನೇ ಬಂದು ಕೂತು, "ಮುಂದ ಹೇಳ್ರಿ," ಎಂದಳು.

ಮುಂದೆ ಮ್ಯಾನ್‌ಹೈಮ್. ಸುತ್ತಲಿನ ಕನ್ನಡದವರೆಲ್ಲ ಒಂದು ಸಭಾಂಗಣ ಹಿಡಿದು ಗಣಪತಿ ಕೂರಿಸಿದ್ದರು. ನನ್ನ ಹಾಡು. ಒಳಗೆ ಕಾಲಿಟ್ಟರೆ ಒಗ್ಗರಣೆಯ ವಾಸನೆ, "ಲೇ ಮಗಾ, ಮೈಕ್ ಎಲ್ಲಿ ಗುರು?" ಎಂಬ ಕೂಗಾಟ, ಯಾರೋ ಬೆಂಗಳೂರಿನವರು, ಯಾರೋ ವಿಜಾಪುರದವರು. ನನ್ನ ಹತ್ತು ಬೆರಳಿಗೆ ಹತ್ತು ಜನ ಬಿದ್ದರು. ಬಹಳ ದಿನಗಳ ಮೇಲೆ ಕೈ ಹಿಡಿಸಿಕೊಂಡು ಸೂಟ್‌ಕೇಸಿನ ಹಾಗೆ ಎಳೆಸಿಕೊಂಡೆ. ಸುಖವೆನಿಸಿತು, ಸುಳ್ಳು ಯಾಕೆ ಹೇಳಲಿ.

ಹೋಫ್‌ಮನ್ ಬಾಯಾರು ಒಬ್ಬರೇ ರೈಲಿನಲ್ಲಿ ಬಂದಿದ್ದರು. ಹಾಡು ಮುಗಿದ ಮೇಲೆ ನಮ್ಮ ಹೆಂಗಸರು ಅವರನ್ನು ಕಂಡರು. ಕಂಡರೆ ಬಿಡುತ್ತಾರೆಯೇ? "ಅಯ್ಯೋ ಪಾಪ, ಒಬ್ರ ಬಂದಾರ," ಎಂದು ಒಬ್ಬಳು ಬಲಗೈ, ಒಬ್ಬಳು ಎಡಗೈ, ಇನ್ನೊಬ್ಬಳು ಕೋಲನ್ನೇ ಕಿತ್ತುಕೊಂಡು ಊಟದ ಕಡೆ ಎಳೆದೊಯ್ದರು. ಈಗ ಬಾಯಾರು ಎಲ್ಲರನ್ನೂ ಝಾಡಿಸುತ್ತಾರೆ, ನನ್ನ ಮಾನ ಹೋಯಿತು ಎಂದುಕೊಂಡೆ. ಎದ್ದು ಹೋಗಿ ಬಿಡಿಸೋಣವೆಂದರೆ ನನ್ನ ಕೈಯನ್ನೂ ಇಬ್ಬರು ಹಿಡಿದಿದ್ದರು.

ಝಾಡಿಸಿದ ಸದ್ದು ಕೇಳಿಸಲಿಲ್ಲ. ಊಟದ ನಡುವೆ, ಆಮೇಲೆ, ಬೀಳ್ಕೊಡುವ ತನಕ ಸುಜಾತಾ ಅವರ ಕೈ ಹಿಡಿದೇ ಕೂತಿದ್ದಳಂತೆ. ಬಾಗಿಲ ಬಳಿ ನಾನು ನಾಚಿಕೆಯಿಂದ, "ಕ್ಷಮಿಸಿ, ನಮ್ಮವರಿಗೆ ಮೊಣಕೈ ಗೊತ್ತಿಲ್ಲ," ಎಂದೆ.

"ಗೊತ್ತಾಯಿತು," ಎಂದರು ಬಾಯಾರು. "ನನ್ನ ತಾಯಿ ಬಿಟ್ಟ ಮೇಲೆ ಯಾರೂ ಇಷ್ಟು ಹೊತ್ತು ನನ್ನ ಕೈ ಹಿಡಿದಿರಲಿಲ್ಲ," ಎಂದರು. ಆಮೇಲೆ ಕೋಲು ಬಿಚ್ಚಿ, ಟಕ್ ಟಕ್ ಎನ್ನುತ್ತ ಬಾನ್‌ಹೋಫಿನ ಕಡೆ ನಡೆದರು. ಆ ಸದ್ದು ಅಡಗುವ ತನಕ ನಾನು ಬಾಗಿಲಲ್ಲೇ ನಿಂತಿದ್ದೆ. ಅವರ ನಡಿಗೆ ನನಗೆ ಬೇಕಾಗಿತ್ತು, ಅವರಿಗೆ ಬೇಕಾಗಿದ್ದು ನನ್ನ ಹತ್ತಿರ ಇತ್ತು.

ಧಾರವಾಡ

ಇದನ್ನು ನಿನ್ನೆಯ ಬರಹಕ್ಕೆ ಇವತ್ತು ಸೇರಿಸುತ್ತಿದ್ದೇನೆ. ನಿನ್ನೆ ಮ್ಯಾನ್‌ಹೈಮ್ ಬರೆದು ಮುಗಿಸಿದ ಗಂಗಾ ಕಪಾಟಿನ ಹಿಂದೆ ಕೈ ಹಾಕಿದ ಸದ್ದಾಯಿತು. ಕೋಲು ನನ್ನ ಬಲಗೈಗೆ ಬಂತು.

"ನಡೀರಿ, ಕಾಯಿಪಲ್ಲೆ ತರೂಣು. ಅದ್ಹ್ಯಾಂಗ ಮೊಣಕೈ ಹಿಡೀತಾರ ತೋರಸ್ರಿ ನನಗೂ."

ತೋರಿಸಿದೆ. ಓಣಿಯಲ್ಲಿ ಹೊರಟೆವು. ಗಿರಣಿಯವನು ಗಿರಣಿ ನಿಲ್ಲಿಸಿಯೇ ಕೇಳಿದ, "ಯಾಕ್ರೀ ಬಾಯಾರ, ಮಾಸ್ತರ ಕೈ ಬಿಟ್ಟಬಿಟ್ರಿ?"

"ನಾ ಎಲ್ಲಿ ಬಿಟ್ಟೀನ್ರಿ? ಅವರ ಹಿಡಕೊಂಡಾರ ನೋಡ್ರಿ," ಎಂದಳು.

ಬಜಾರದಲ್ಲಿ ನಾನು ಮೊಣಕೈ ಬಿಟ್ಟು ಕೋಲು ಊರಿ ನಿಂತೆ. ಬದನೆಕಾಯಿ ಆರಿಸುವ ಸದ್ದು ಬಹಳ ಹೊತ್ತು ಕೇಳಿತು. "ಇಷ್ಟ ವರ್ಷ ಒಂದ ಕೈಲೆ ಆರಸ್ತಿದ್ದೆ," ಎಂದಳು ಗಂಗಾ. "ಅದಕ್ಕ ನಮ್ಮ ಮನಿಗೆ ಬರೂವೆಲ್ಲಾ ಅರ್ಧಾ ಹುಳಕ ಇರ್ತಿದ್ವು. ನನ್ನ ಬಲಗೈಗೂ ಇವತ್ತ ರಜಾ ಸಿಕ್ತು ನೋಡ್ರಿ." ನಕ್ಕಳು. ಅವಳ ಕೈಗೂ ರಜೆ ಬೇಕಿತ್ತು ಎಂದು ನಾನು ಎಂದೂ ಯೋಚಿಸಿರಲಿಲ್ಲ.

ವಾಪಸು ಬರುವಾಗ ನಮ್ಮ ಓಣಿ ಸಿಕ್ಕಿತು. ಅಲ್ಲಿ ತಗ್ಗಿಲ್ಲ, ಗಟಾರವಿಲ್ಲ, ಕೋಲೊಂದಿದ್ದರೆ ನನಗೆ ಯಾರೂ ಬೇಡ. ನಾನು ಮೊಣಕೈ ಬಿಟ್ಟು ಮುಂದೆ ನಡೆದೆ. ನಾಲ್ಕು ಹೆಜ್ಜೆ ಹೋಗಿರಬಹುದು. ಹಿಂದಿನಿಂದ ಚಪ್ಪಲಿಯ ಸದ್ದು ಬೇಗಬೇಗ ಬಂತು, ಚೀಲವನ್ನು ಎಡಗೈಗೆ ಬದಲಾಯಿಸಿದ ಸದ್ದು, ಆಮೇಲೆ ಅವಳ ಬಲಗೈ ನನ್ನ ಎಡಗೈಯೊಳಗೆ.

"ಇಲ್ಲಿ ದಾರಿ ನನಗ ಗೊತ್ತೈತಿ," ಎಂದೆ.

"ಗೊತ್ತೈತಿ ಅಂತ ನನಗೂ ಗೊತ್ತೈತಿ," ಎಂದಳು.

ಬಲಗೈಯಲ್ಲಿ ಕೋಲು ತಟ್ಟುತ್ತಲೇ ಇತ್ತು. ಮನೆ ಬರುವ ತನಕ ಇಬ್ಬರೂ ಕೈ ಬಿಡಲಿಲ್ಲ.